ಆನರ್ಸ್ ಎಂದರೆ ಯಾರ ಮಾನ?

‘ಆನರ್ಸ್’ ಎಂಬ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಗೌರವ ಎನ್ನುತ್ತೇವೆ, ಮಾನ ಎನ್ನುತ್ತೇವೆ. ಉರ್ದುವಿನಲ್ಲಿ ಎಜಾಜ್ ಎಂಬ ಗಂಭೀರ ಪದವಿದೆ. ಮನೆಮಾತಿನಲ್ಲಾದರೆ ಇಜ್ಜತ್ ಅಥವಾ ಆಬರೂ. ಈ ಎಲ್ಲ ಪದಗಳೂ ಒಂದು ಮನೆಯ ಅಥವಾ ಒಬ್ಬ ವ್ಯಕ್ತಿಯ ಮರ್ಯಾದೆಯನ್ನು ಸೂಚಿಸುತ್ತವೆ. ಆದರೆ ಕಾಲೇಜಿನ ಕಚೇರಿಯಲ್ಲಿ ಆನರ್ಸ್ ಎಂದರೆ ಬರಿಯ ಒಂದು ಲೆಕ್ಕ. ಮೂರು ವರ್ಷ ಓದಿದರೆ ಪದವಿ, ನಾಲ್ಕನೆಯ ವರ್ಷವೂ ಓದಿದರೆ ಆನರ್ಸ್ ಪದವಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲಿ ಮೊದಲು ಜಾರಿಗೆ ತಂದದ್ದು ನಮ್ಮ ರಾಜ್ಯವೇ, 2021-22ರ ಸಾಲಿನಲ್ಲಿ. 2022ರ ಡಿಸೆಂಬರಿನಲ್ಲಿ ಯುಜಿಸಿ ಲೆಕ್ಕವನ್ನು ಬಿಡಿಸಿ ಹೇಳಿತು: ಮೂರು ವರ್ಷಕ್ಕೆ 120 ಕ್ರೆಡಿಟ್, ನಾಲ್ಕು ವರ್ಷಕ್ಕೆ 160. ‘ಸಂಶೋಧನೆಯೊಡನೆ ಆನರ್ಸ್’ ಬೇಕೆನ್ನುವವರು ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75 ಅಂಕ ತೆಗೆದಿರಬೇಕು. ಅಷ್ಟರಲ್ಲಿ ಸರಕಾರ ಬದಲಾಯಿತು. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ 2024ರ ಮೇ ತಿಂಗಳಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಈ ಹೋಗುವ ಬರುವ ಗಡಿಬಿಡಿಯಲ್ಲಿ ಒಂದು ಪ್ರಶ್ನೆ ಮಾತ್ರ ಉತ್ತರ ಕಾಣದೆ ಉಳಿಯಿತು. ನಾಲ್ಕನೆಯ ವರ್ಷ ಇರಲಿ ಇಲ್ಲದಿರಲಿ, ‘ಗೌರವ’ ಎಂಬ ಹೆಸರಿನಲ್ಲಿ ನಾವು ಕಲಿಸಬೇಕಾದದ್ದು ಏನು?

ಗಣಿತದ ವಿದ್ಯಾರ್ಥಿಯ ವಿಷಯದಲ್ಲಿ ಈ ಪ್ರಶ್ನೆ ಅಷ್ಟು ಕಾಡುವುದಿಲ್ಲ. ಅವನು ಹೆಚ್ಚು ಲೆಕ್ಕ ಕಲಿತರೆ ಅದು ಅವನ ಗೌರವ, ತಪ್ಪು ಮಾಡಿದರೆ ಅಂಕ ಹೋಗುವುದು ಅವನದೇ. ಪತ್ರಿಕೋದ್ಯಮ ಮತ್ತು ಸಂವಹನ ಓದುವವರ ಕತೆ ಬೇರೆ. ಅವರು ಕಲಿಯುವ ವಿದ್ಯೆಯ ಕಚ್ಚಾ ಸಾಮಗ್ರಿಯೇ ಇನ್ನೊಬ್ಬರ ಬದುಕು, ಇನ್ನೊಬ್ಬರ ಹೆಸರು. ತಪ್ಪಾದರೆ ಹೋಗುವುದು ಆ ಇನ್ನೊಬ್ಬರ ಮಾನ. ನಮ್ಮ ಕಾನೂನಿನ ಭಾಷೆ ಇದನ್ನು ಸರಿಯಾಗಿಯೇ ಹಿಡಿದಿದೆ, ಅದನ್ನು ‘ಮಾನನಷ್ಟ’ ಎಂದು ಕರೆಯುತ್ತದೆ. ಹಾಗಾದರೆ ಮಾಧ್ಯಮ ವಿದ್ಯಾರ್ಥಿಗೆ ಕೊಡುವ ಆನರ್ಸ್ ಯಾರ ಮಾನದ ಬಗ್ಗೆ ಇರಬೇಕು? ವಿದ್ಯಾರ್ಥಿಯದೋ, ಅವನು ಯಾರ ಬಗ್ಗೆ ಬರೆಯುತ್ತಾನೋ ಅವರದೋ? ಇದು ನಮಗೆ ಪಠ್ಯಕ್ರಮ ಸಮಿತಿಯ ಪ್ರಶ್ನೆಯಾಗಿ ಮಾತ್ರ ಕಾಣುವುದಿಲ್ಲ, ನೀತಿಯ ಪ್ರಶ್ನೆಯಾಗಿಯೂ ಕಾಣುತ್ತದೆ.

ಎರಡು ಹಳೆಯ ದಾರಿಗಳು

ಆನರ್ಸ್ ಎಂಬ ಪದ್ಧತಿ ನಮ್ಮಲ್ಲಿಗೆ ಬಂದದ್ದು ಇಂಗ್ಲೆಂಡಿನಿಂದ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ತನ್ನ ಪರೀಕ್ಷೆಗಳನ್ನು ಬಿಗಿಗೊಳಿಸಿದಾಗ, ಸಾಧಾರಣವಾಗಿ ತೇರ್ಗಡೆಯಾಗುವವರು ಬೇರೆ, ಗೌರವದೊಡನೆ ತೇರ್ಗಡೆಯಾಗುವವರು ಬೇರೆ ಎಂಬ ಗೆರೆ ಬಿತ್ತು. ಮೈಸೂರಿನ ಮಹಾರಾಜಾ ಕಾಲೇಜಿನ ಆನರ್ಸ್ ತರಗತಿಗಳು ಆ ದಾರಿಯಲ್ಲೇ ಬಂದವು, ನಮ್ಮ ಹಿರಿಯ ಲೇಖಕರ ನೆನಪುಗಳಲ್ಲಿ ಅವುಗಳ ಮಾತು ಬರುತ್ತಿರುತ್ತದೆ.

ಅಮೆರಿಕದಲ್ಲಿ ಈ ಪದ್ಧತಿಗೆ ಬೇರೆ ರೂಪ ಕೊಟ್ಟವರು ಫ್ರ್ಯಾಂಕ್ ಐಡೆಲಾಟ್. ಆಕ್ಸ್‌ಫರ್ಡಿನಲ್ಲಿ ಓದಿ ಬಂದಿದ್ದ ಅವರು ಸ್ವಾರ್ಥ್‌ಮೋರ್ ಎಂಬ ಸಣ್ಣ ಕಾಲೇಜಿನ ಅಧ್ಯಕ್ಷರಾಗಿ 1922ರಲ್ಲಿ ಅಲ್ಲಿ ಆನರ್ಸ್ ತರಗತಿ ಆರಂಭಿಸಿದರು. ಉಪನ್ಯಾಸದ ಬದಲು ಕೆಲವೇ ವಿದ್ಯಾರ್ಥಿಗಳ ಸಣ್ಣ ಗೋಷ್ಠಿಗಳು. ಕೊನೆಗೆ ಪರೀಕ್ಷೆ ಮಾಡಲು ಬರುವವರು ಪಾಠ ಹೇಳಿದ ಮೇಷ್ಟ್ರಲ್ಲ, ಹೊರಗಿನವರು. ಮೇಷ್ಟ್ರೇ ಪರೀಕ್ಷಕರಾದಾಗ ಶಿಷ್ಯ ಮೇಷ್ಟ್ರ ಮರ್ಜಿ ನೋಡಿ ಬರೆಯುತ್ತಾನೆ. ಪರೀಕ್ಷಕರು ಹೊರಗಿನವರಾದರೆ ಮೇಷ್ಟ್ರು ಶಿಷ್ಯರಿಬ್ಬರೂ ಒಂದೇ ಕಡೆ ನಿಂತು ಕೆಲಸ ಮಾಡುತ್ತಾರೆ. ಸುಮಾರು ನೂರು ವರ್ಷದ ಹಿಂದಿನ ಈ ಉಪಾಯ ಮಾಧ್ಯಮ ಶಿಕ್ಷಣಕ್ಕೆ ಎಷ್ಟು ಹೊಂದುತ್ತದೆ ಎಂಬುದನ್ನು ಮುಂದೆ ಹೇಳುತ್ತೇವೆ.

ಪತ್ರಿಕೋದ್ಯಮದ ಕಲಿಕೆ ಬಂದದ್ದು ಇನ್ನೊಂದು ದಾರಿಯಲ್ಲಿ. ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ, ಪುಲಿಟ್ಜರ್ ಬಿಟ್ಟುಹೋದ ಹಣದಿಂದ ಕೊಲಂಬಿಯಾದಲ್ಲಿ 1912ರಲ್ಲಿ ಶಾಲೆಗಳು ಆರಂಭವಾದವು. ನಮ್ಮ ಉಪಖಂಡದಲ್ಲಿ 1938ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ ಒಂದು ಡಿಪ್ಲೊಮಾ ಆರಂಭಿಸಿತು, ಅದು ಹೆಚ್ಚು ಕಾಲ ನಡೆಯಲಿಲ್ಲ. 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ವಿಭಾಗ ಬಂತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1951ರಲ್ಲಿ ಪತ್ರಿಕೋದ್ಯಮದ ಪಾಠ ಶುರುವಾಯಿತು, ನಾಡಿಗ ಕೃಷ್ಣಮೂರ್ತಿಯವರು ಅದನ್ನು ಬೆಳೆಸಿದರು. ಅಂದರೆ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರ ‘ಮಂಗಳೂರು ಸಮಾಚಾರ’ ಹೊರಬಂದು ನೂರು ವರ್ಷ ಮೀರಿದ ಮೇಲೆ ಕನ್ನಡ ನಾಡಿನಲ್ಲಿ ಸುದ್ದಿ ಬರೆಯುವುದು ಒಂದು ಪಾಠದ ವಿಷಯವಾಯಿತು. ಆ ನಡುವಿನ ಪತ್ರಕರ್ತರೆಲ್ಲ ಅಚ್ಚುಮನೆಯಲ್ಲಿ, ಬೀದಿಯಲ್ಲಿ, ಚಳವಳಿಯಲ್ಲಿ ಕಲಿತವರು. ಉರ್ದು ಪತ್ರಿಕೆಗಳಿಗೂ ಇದೇ ಮಾತು ಸಲ್ಲುತ್ತದೆ. 1822ರಲ್ಲಿ ಕಲ್ಕತ್ತೆಯ ‘ಜಾಮ್-ಎ-ಜಹಾಂ ನುಮಾ’ದಿಂದ ಹಿಡಿದು 1912ರ ಮೌಲಾನಾ ಆಜಾದರ ‘ಅಲ್ ಹಿಲಾಲ್’ವರೆಗೆ ಯಾರಿಗೂ ಈ ವಿದ್ಯೆಯಲ್ಲಿ ಪದವಿ ಇರಲಿಲ್ಲ.

ಆದ್ದರಿಂದ ಪದವಿಯೇ ಬೇಡ ಎನ್ನುವವರು ಇಂದಿಗೂ ಇದ್ದಾರೆ. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಆ ಕಾಲದ ಸಂಪಾದಕರ ಬರಹ ವಾರಕ್ಕೊಮ್ಮೆ ಕೆಲವು ನೂರು ಮನೆಗಳಿಗೆ ಹೋಗುತ್ತಿತ್ತು. ಇಂದು ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಫೋನಿನಲ್ಲಿ ಹಾಕಿದ್ದು ಸಂಜೆಯ ಹೊತ್ತಿಗೆ ಲಕ್ಷ ಜನರ ಕೈಯಲ್ಲಿರುತ್ತದೆ. ಬೀದಿ ಕಲಿಸುವ ತನಕ ಕಾಯುವಷ್ಟು ವ್ಯವಧಾನ ಈಗ ಬೀದಿಗೇ ಇಲ್ಲ.

ಬೇರ್ಪಡಿಸುವುದು ನ್ಯಾಯವೇ?

ಮೊದಲ ಪ್ರಶ್ನೆ ಇದು. ಅರವತ್ತು ಮಂದಿಯ ತರಗತಿಯಿಂದ ಹತ್ತು ಮಂದಿಯನ್ನು ಆರಿಸಿ ಅವರಿಗೆ ಮಾತ್ರ ಹೆಚ್ಚಿನದನ್ನು ಕಲಿಸುವುದು ನ್ಯಾಯವೇ?

ಪರವಾಗಿ ಹೇಳುವ ಮಾತು ಸುಲಭದ್ದು. ಅಧ್ಯಾಪಕರ ಸಮಯ ಕಡಿಮೆ, ಕ್ಯಾಮೆರಾಗಳು ಕಡಿಮೆ. ಒಂದು ವಿಷಯದ ಬೆನ್ನು ಹತ್ತಿ ಒಂದು ವರ್ಷ ಕೆಲಸ ಮಾಡಬೇಕೆಂದರೆ ಅದಕ್ಕೆ ಮನಸ್ಸುಳ್ಳವರು ಬೇಕು, ಎಲ್ಲರಿಗೂ ಆ ಮನಸ್ಸಿರುವುದಿಲ್ಲ. ಇದನ್ನು ನಾವು ಒಪ್ಪುತ್ತೇವೆ.

ಆದರೆ ಓದುಗನ ಕಡೆಯಿಂದ ನೋಡೋಣ. ಬೆಳಿಗ್ಗೆ ಪೇಪರು ಬಿಡಿಸಿದವನಿಗೆ ಆ ಸುದ್ದಿಯನ್ನು ಆನರ್ಸ್ ಓದಿದವರು ಬರೆದರೋ ಬರಿಯ ಪದವಿಯವರು ಬರೆದರೋ ಎಂಬುದು ಗೊತ್ತಾಗುವುದಿಲ್ಲ. ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಡುವವರಲ್ಲಿ ಒಬ್ಬರಿಗೆ ಮಾತ್ರ ಮದ್ದಿನ ಹೆಸರು ಓದಲು ಬರುತ್ತದೆ, ಉಳಿದವರಿಗೆ ಅದು ಐಚ್ಛಿಕ ವಿಷಯವಾಗಿತ್ತು ಎಂದರೆ ನಾವು ಆ ಅಂಗಡಿಯ ಮೆಟ್ಟಿಲು ಹತ್ತುತ್ತೇವೆಯೇ? ಕೇಳಿದ್ದನ್ನು ಪರಿಶೀಲಿಸುವುದು, ಆರೋಪ ಹೊತ್ತವರ ಮಾತನ್ನೂ ಕೇಳುವುದು, ತಪ್ಪಾದರೆ ತಿದ್ದುವುದು ಇವನ್ನೆಲ್ಲ ಬುದ್ಧಿವಂತರಿಗೆ ಮಾತ್ರ ಕಲಿಸುವ ಉನ್ನತ ಪತ್ರಿಕೆಯಾಗಿ ಮಾಡಿದರೆ ಉಳಿದ ಐವತ್ತು ಮಂದಿ ಅವಿಲ್ಲದೆ ಸುದ್ದಿಮನೆಗೆ ಹೋಗುತ್ತಾರೆ.

ಬೇರೆ ಬೇರೆ ವಿಶ್ವವಿದ್ಯಾಲಯಗಳ ಪಠ್ಯಕ್ರಮಗಳನ್ನು ನೋಡುವ ಅವಕಾಶ ನಮಗೆ ಸಿಕ್ಕಿದೆ. ಕೆಲವದರಲ್ಲಿ ‘ಮಾಧ್ಯಮ ಕಾನೂನು ಮತ್ತು ನೀತಿ’ ಎಂಬುದು ಕೊನೆಯ ಸೆಮಿಸ್ಟರುಗಳಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಹುಡುಗರು ಎರಡು ಕಡೆ ಇಂಟರ್ನ್‌ಶಿಪ್ ಮುಗಿಸಿ, ಯಾರದೋ ಮನೆಯ ಸಾವಿನ ಮುಂದೆ ಮೈಕು ಹಿಡಿದು ಬಂದಿರುತ್ತಾರೆ. ಇದು ತಲೆಕೆಳಗಾದ ಕ್ರಮ. ಅತ್ಯಾಚಾರಕ್ಕೊಳಗಾದವರ ಗುರುತು ಬಯಲು ಮಾಡುವುದು ಅಪರಾಧ, ಪೋಕ್ಸೊ ಕಾಯಿದೆಯ 23ನೆಯ ಕಲಮಿನ ಪ್ರಕಾರ ಮಗುವಿನ ಹೆಸರು, ಮನೆ, ಶಾಲೆ ಯಾವುದನ್ನೂ ಸೂಚಿಸುವಂತಿಲ್ಲ, ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿದೆ. ಇವು ಮೊದಲ ವರ್ಷದ ಮೊದಲ ತಿಂಗಳ ಪಾಠವಾಗಬೇಕು. ಈಜು ಕಲಿಸುವವರು ಮುಳುಗುವ ಅಪಾಯವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳುವುದಿಲ್ಲವಷ್ಟೆ.

ಹಾಗಾದರೆ ಸತ್ಯ, ಕಾನೂನು, ಮರ್ಯಾದೆ ಎಲ್ಲವೂ ಎಲ್ಲರಿಗೂ ಸಿಕ್ಕಿದ ಮೇಲೆ ಆನರ್ಸಿಗೆ ಉಳಿಯುವುದೇನು? ನಮ್ಮ ದೃಷ್ಟಿಯಲ್ಲಿ ಉಳಿಯುವುದು ಹೆಚ್ಚಿನ ಕಾಲ ಮತ್ತು ಹೆಚ್ಚಿನ ಹೊಣೆ. ಒಂದೇ ವಿಷಯದೊಡನೆ, ಒಂದೇ ಜನರೊಡನೆ ಒಂದು ವರ್ಷ ಇದ್ದು, ಬರೆದದ್ದಕ್ಕೆ ಅವರ ಮುಂದೆಯೇ ಉತ್ತರ ಹೇಳುವ ಹೊಣೆ. ಆನರ್ಸ್ ಎಂಬ ಹೆಸರಿಗೆ ಇದಕ್ಕಿಂತ ಹೊಂದುವ ಅರ್ಥ ನಮಗೆ ಹೊಳೆಯುವುದಿಲ್ಲ.

ನಮ್ಮ ನಾಡಿನ ಪಾಠಗಳು

ಮಾಧ್ಯಮ ನೀತಿಯ ಪುಸ್ತಕಗಳಲ್ಲಿ ವಿದೇಶದ ಉದಾಹರಣೆಗಳೇ ಹೆಚ್ಚು. ನಮ್ಮ ನೆಲದಲ್ಲಿ ಪಾಠಗಳಿಗೆ ಬರವಿಲ್ಲ.

1986ರ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಇಂಗ್ಲಿಷ್ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಮಲಯಾಳದಿಂದ ಅನುವಾದವಾದ ಒಂದು ಕಥೆ ಅಚ್ಚಾಯಿತು. ಶೀರ್ಷಿಕೆಯಲ್ಲಿದ್ದ ಹೆಸರು ಪ್ರವಾದಿಯವರನ್ನು ಹೀಗಳೆಯುತ್ತದೆ ಎಂದು ನಂಬಿ ಜನ ಬೀದಿಗಿಳಿದರು. ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಜೀವಗಳು ಹೋದವು. ಬೀದಿಗಿಳಿದವರಲ್ಲಿ ಕಥೆಯನ್ನು ಓದಿದ್ದವರು ಎಷ್ಟು ಮಂದಿ? ಎಂಟು ವರ್ಷದ ನಂತರ, 1994ರ ಅಕ್ಟೋಬರಿನಲ್ಲಿ, ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಆರಂಭಿಸಿತು. ಅದರ ವಿರುದ್ಧ ಎದ್ದ ಗಲಭೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ವಾರ್ತೆಯಲ್ಲಿ ಏನು ಓದಿದರು ಎಂಬುದು ಯಾರಿಗೂ ಬೇಕಿರಲಿಲ್ಲ, ಯಾವ ಭಾಷೆಯಲ್ಲಿ ಓದಿದರು, ಯಾವ ಹೊತ್ತಿನಲ್ಲಿ ಓದಿದರು ಎಂಬುದೇ ದೊಡ್ಡದಾಯಿತು.

ಎರಡೂ ಭಾಷೆಗಳಲ್ಲಿ ಅಕ್ಷರ ಕಲಿತ ನಮ್ಮಂಥವರಿಗೆ ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡದೆ ಗತಿಯಿಲ್ಲ. ಒಂದರಲ್ಲಿ ಸಿಟ್ಟು ನಮ್ಮವರದು, ಇನ್ನೊಂದರಲ್ಲಿ ನಮ್ಮ ನೆರೆಯವರದು. ಎರಡರಲ್ಲೂ ಸತ್ತವರು ಬಹುಪಾಲು ಆ ಕಥೆಗೂ ಆ ವಾರ್ತೆಗೂ ಸಂಬಂಧವೇ ಇಲ್ಲದ ಬಡವರು. ಆನರ್ಸ್ ವಿದ್ಯಾರ್ಥಿ ಈ ಎರಡೂ ಗಲಭೆಗಳ ದಿನಗಳ ಕನ್ನಡ, ಇಂಗ್ಲಿಷ್, ಉರ್ದು ಪತ್ರಿಕೆಗಳನ್ನು ಹರಡಿಕೊಂಡು ಓದಬೇಕು. ಯಾವ ಪದ ಯಾವ ಪುಟದಲ್ಲಿ ಯಾರನ್ನು ಏನೆಂದು ಕರೆಯಿತು, ಸತ್ತವರಿಗೆ ಹೆಸರಿತ್ತೇ, ಅಥವಾ ಅವರು ಬರಿಯ ಸಂಖ್ಯೆಯಾದರೇ ಎಂದು ಹುಡುಕಬೇಕು. ಇದು ಯಾವ ವಿದೇಶಿ ಪಠ್ಯಪುಸ್ತಕದಲ್ಲೂ ಸಿಗುವ ಪಾಠವಲ್ಲ.

2012ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಎಸ್ಸೆಮ್ಮೆಸ್ ಮೂಲಕ ಹರಡಿದ ಗಾಳಿಸುದ್ದಿಗೆ ಹೆದರಿ ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರಕಾರ ಹದಿನೈದು ದಿನಗಳ ಮಟ್ಟಿಗೆ ದಿನಕ್ಕೆ ಐದೇ ಎಸ್ಸೆಮ್ಮೆಸ್ ಎಂದು ಮಿತಿ ಹಾಕಿತು. ಇಲ್ಲಿ ಪತ್ರಕರ್ತನ ಕಷ್ಟ ಸೂಕ್ಷ್ಮವಾದದ್ದು. ರೈಲು ನಿಲ್ದಾಣದ ಜನಜಂಗುಳಿ ಸುಳ್ಳಲ್ಲ, ಅದನ್ನು ತೋರಿಸಲೇಬೇಕು. ಆದರೆ ಅದನ್ನೇ ದಿನವಿಡೀ ತೋರಿಸಿದರೆ ಮನೆಯಲ್ಲಿ ಕುಳಿತವನಿಗೆ ಅದು ಇನ್ನೊಂದು ಎಸ್ಸೆಮ್ಮೆಸ್ ಆಗುವುದಿಲ್ಲವೇ? ನಿಜವನ್ನು ಹೇಳುತ್ತಲೇ ಹೆದರಿಕೆಯನ್ನು ಬೆಳೆಸಬಹುದು. ‘ಸತ್ಯ ಹೇಳು’ ಎಂಬ ಒಂದೇ ಸೂತ್ರ ಇಲ್ಲಿ ಸಾಲದು.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬ ಊರಿನಲ್ಲಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳರೆಂದು ಬಗೆದು ಗುಂಪು ಹೊಡೆದು ಕೊಂದಿತು. ಗೆಳೆಯರೊಡನೆ ಬಂದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಸಂಶಯಕ್ಕೆ ಕಾರಣ. ವಾಟ್ಸ್ಆ್ಯಪಿನ ಸುದ್ದಿ ಅವರ ಕಾರಿಗಿಂತ ಮೊದಲೇ ಮುಂದಿನ ಊರು ತಲುಪಿ ರಸ್ತೆಗೆ ಅಡ್ಡ ನಿಂತಿತ್ತು. ಅದೇ ತಿಂಗಳು ವಾಟ್ಸ್ಆ್ಯಪ್ ಕಂಪನಿ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಐದು ಕಡೆಗಿಂತ ಹೆಚ್ಚು ಮುಂದಕ್ಕೆ ಕಳಿಸದಂತೆ ಮಿತಿ ಹಾಕುವುದಾಗಿ ಹೇಳಿತು. ಆರು ವರ್ಷದ ಹಿಂದೆ ಐದು ಎಸ್ಸೆಮ್ಮೆಸ್, ಈಗ ಐದು ಫಾರ್ವರ್ಡ್. ಯಂತ್ರಕ್ಕೆ ಮಿತಿ ಹಾಕುವುದನ್ನು ನಾವು ಕಲಿತೆವು, ಮನಸ್ಸಿಗೆ ‘ಒಂದು ಕ್ಷಣ ತಡೆ’ ಎಂದು ಕಲಿಸುವ ಕೆಲಸ ಮಾತ್ರ ಬಾಕಿ ಉಳಿಯಿತು.

2020ರ ಮಾತನ್ನೂ ಹೇಳಲೇಬೇಕು. ಕೊರೊನಾದ ಮೊದಲ ತಿಂಗಳುಗಳಲ್ಲಿ ದೆಹಲಿಯ ತಬ್ಲೀಗ್ ಸಭೆಯ ಹೆಸರಿನಲ್ಲಿ ಟೀವಿಗಳಲ್ಲಿ ಏನೆಲ್ಲ ನಡೆಯಿತೆಂಬುದು ಓದುಗರಿಗೆ ನೆನಪಿದೆ. ಅದೇ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಎಫ್‌ಐಆರ್‌ಗಳನ್ನು ರದ್ದು ಮಾಡಿತು. ಮುದ್ರಣ ಮತ್ತು ದೃಶ್ಯ ಮಾಧ್ಯಮಗಳಲ್ಲಿ ಅವರ ವಿರುದ್ಧ ದೊಡ್ಡ ಅಪಪ್ರಚಾರ ನಡೆಯಿತೆಂದೂ, ಅವರನ್ನು ಬಲಿಪಶು ಮಾಡಲಾಯಿತೆಂದೂ ಅದು ಹೇಳಿತು. ಆರೋಪಕ್ಕೆ ಸಿಕ್ಕ ಗಂಟೆಗಳೆಷ್ಟು, ತೀರ್ಪಿಗೆ ಸಿಕ್ಕ ನಿಮಿಷಗಳೆಷ್ಟು? ಇದನ್ನು ಗಡಿಯಾರ ಹಿಡಿದು ಅಳೆದರೆ ಅದೇ ಒಂದು ಆನರ್ಸ್ ಪ್ರಬಂಧವಾಗುತ್ತದೆ.

ರಾವಿ ಎಂಬ ಪದ

ನಾವು ಕಥೆ ಬರೆಯುವವರು. ಕಥೆಗಾರನಿಗೆ ಇರುವ ಒಂದು ಸ್ವಾತಂತ್ರ್ಯ ವರದಿಗಾರನಿಗೆ ಇಲ್ಲ. ನಾವು ಪಕ್ಕದ ಓಣಿಯ ಹೆಂಗಸಿನ ದುಃಖವನ್ನು ಇನ್ನೊಂದು ಊರಿನ ಹೆಂಗಸಿನ ಹಟದೊಡನೆ ಸೇರಿಸಿ, ಹೆಸರು ಬದಲಿಸಿ, ಇಲ್ಲದ ಮಗನೊಬ್ಬನನ್ನು ಕೊಟ್ಟು ಬರೆಯಬಹುದು. ಓದುಗನೊಡನೆ ನಮಗೊಂದು ಒಪ್ಪಂದವಿದೆ, ಇದು ಕಥೆ ಎಂದು ಅವನಿಗೆ ಗೊತ್ತು. ವರದಿಗಾರ ಇದೇ ಕೆಲಸ ಮಾಡಿದರೆ ಅದು ಮೋಸ. 1980ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಜೆನೆಟ್ ಕುಕ್ ಎಂಬ ವರದಿಗಾರ್ತಿ ಮಾದಕದ್ರವ್ಯದ ಚಟಕ್ಕೆ ಬಿದ್ದ ಎಂಟು ವರ್ಷದ ಹುಡುಗನ ಬಗ್ಗೆ ಬರೆದರು. 1981ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಅಂಥ ಹುಡುಗನೇ ಇಲ್ಲ ಎಂದು ಕೆಲವೇ ದಿನಗಳಲ್ಲಿ ಬಯಲಾಗಿ ಪ್ರಶಸ್ತಿಯನ್ನು ಹಿಂದಿರುಗಿಸಬೇಕಾಯಿತು. ಕಥೆ ಎಂದು ಅಚ್ಚಾಗಿದ್ದರೆ ಅದು ಒಳ್ಳೆಯ ಕಥೆಯೆನಿಸಬಹುದಿತ್ತು. ಬರಹದ ಒಂದು ಅಕ್ಷರ ಬದಲಾಗದೆ, ಬರಿಯ ಅಚ್ಚಾದ ಪುಟ ಬದಲಾದರೆ ನೀತಿಯೇ ಬದಲಾಗುತ್ತದೆ!

ಉರ್ದುವಿನಲ್ಲಿ ‘ರಾವಿ’ ಎಂಬ ಪದವಿದೆ. ಕಥೆಯನ್ನು ಹೇಳುವ ನಿರೂಪಕನೂ ರಾವಿ, ಪ್ರವಾದಿಯವರ ಮಾತನ್ನು ಕೇಳಿ ಮುಂದಿನವರಿಗೆ ದಾಟಿಸಿದವನೂ ರಾವಿ. ಆದರೆ ಎರಡನೆಯ ರಾವಿಯನ್ನು ಹದೀಸಿನ ವಿದ್ವಾಂಸರು ಸುಮ್ಮನೆ ನಂಬಲಿಲ್ಲ. ಯಾರು ಯಾರಿಂದ ಕೇಳಿದರು ಎಂಬ ಸರಪಳಿಯನ್ನು, ಅಂದರೆ ಸನದನ್ನು, ಹೆಸರು ಹೆಸರಾಗಿ ಬರೆದಿಟ್ಟರು. ಇವರಿಬ್ಬರು ಒಂದೇ ಕಾಲದಲ್ಲಿ ಬದುಕಿದ್ದರೇ, ಭೇಟಿಯಾಗುವುದು ಸಾಧ್ಯವಿತ್ತೇ, ಈತನ ನೆನಪಿನ ಶಕ್ತಿ ಹೇಗಿತ್ತು, ವ್ಯವಹಾರದಲ್ಲಿ ಪ್ರಾಮಾಣಿಕನೇ ಎಂದು ವಿಚಾರಿಸಿದರು. ಅದಕ್ಕಾಗಿಯೇ ರಾವಿಗಳ ಜೀವನಚರಿತ್ರೆಯ ಒಂದು ಶಾಸ್ತ್ರ ಬೆಳೆಯಿತು. ಇದನ್ನು ನಾವು ನಮ್ಮವರ ಹೆಗ್ಗಳಿಕೆಯೆಂದು ಹೇಳುತ್ತಿಲ್ಲ. ಅಷ್ಟು ದೊಡ್ಡ ಶಾಸ್ತ್ರದ ವಾರಸುದಾರರೆಂದು ಹೇಳಿಕೊಳ್ಳುವವರ ಫೋನುಗಳಲ್ಲೂ ಮೂಲವಿಲ್ಲದ ಸಂದೇಶಗಳು ಬೇರೆಯವರಷ್ಟೇ ಧಾರಾಳವಾಗಿ ಓಡಾಡುತ್ತವೆ. ಹೇಳಬೇಕಾದದ್ದು ಇಷ್ಟೆ: ಸುದ್ದಿಯ ಜೊತೆ ಸುದ್ದಿ ತಂದವನನ್ನೂ ಪರೀಕ್ಷಿಸಬೇಕು ಎಂಬುದು ಇಂದಿನ ಹೊಸ ಕಸುಬಲ್ಲ, ನಾಡಿನ ಬೇರೆ ಬೇರೆ ಪರಂಪರೆಗಳಲ್ಲಿ ಅದಕ್ಕೆ ಬೇರುಗಳಿವೆ. ನ್ಯಾಯಶಾಸ್ತ್ರದಲ್ಲಿ ಶಬ್ದಪ್ರಮಾಣದ ಚರ್ಚೆಯಿದೆ. ನಂಬಲರ್ಹನಾದ ಆಪ್ತನ ಮಾತು ಮಾತ್ರ ಪ್ರಮಾಣ ಎಂಬ ಆ ಚರ್ಚೆಯನ್ನೂ ಮಾಧ್ಯಮ ವಿದ್ಯಾರ್ಥಿ ಓದಬಾರದೇಕೆ?

ಬಾಗಿಲಲ್ಲಿ ನಿಲ್ಲುವವರು

ಇನ್ನು ಯಾರನ್ನು ಸೇರಿಸಿಕೊಳ್ಳಬೇಕು ಎಂಬ ಪ್ರಶ್ನೆ. 1996ರಲ್ಲಿ ಬಿ.ಎನ್. ಉನಿಯಾಲ್ ಎಂಬ ಪತ್ರಕರ್ತರು ದೆಹಲಿಯಲ್ಲಿ ಒಬ್ಬ ದಲಿತ ಪತ್ರಕರ್ತನಿಗಾಗಿ ಹುಡುಕಾಡಿ ಸಿಗದೆ ಹೋದದ್ದನ್ನು ಬರೆದರು. ಹತ್ತು ವರ್ಷದ ನಂತರ, 2006ರಲ್ಲಿ, ದೆಹಲಿಯ ಮಾಧ್ಯಮಗಳ ಮೇಲಿನ ಹುದ್ದೆಯಲ್ಲಿದ್ದ 315 ಮಂದಿಯ ಸಮೀಕ್ಷೆ ನಡೆಯಿತು. ಅವರಲ್ಲಿ ಶೇ. 71 ಮಂದಿ ಮೇಲ್ಜಾತಿಯ ಹಿಂದೂ ಗಂಡಸರು, ಮುಸ್ಲಿಮರು ಶೇ. 3, ದಲಿತರಾಗಲಿ ಆದಿವಾಸಿಗಳಾಗಲಿ ಒಬ್ಬರೂ ಇರಲಿಲ್ಲ. ಅದೇ ವರ್ಷದ ಸಾಚಾರ್ ಸಮಿತಿಯ ವರದಿ, ಇಪ್ಪತ್ತು ವರ್ಷ ಮೀರಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಇರುವವರು ಶೇ. 4ಕ್ಕಿಂತ ಕಡಿಮೆ ಎಂದು ಹೇಳಿತು. ಇವು ಹಳೆಯ ಅಂಕಿಗಳು. ಆದರೆ ಆ ವರ್ಷ ಹುಟ್ಟಿದ ಮಕ್ಕಳೇ ಇಂದು ಪದವಿ ತರಗತಿಗಳಲ್ಲಿ ಕುಳಿತಿದ್ದಾರೆ ಎಂಬುದನ್ನು ಮರೆಯಬಾರದು.

ಈ ಬಾಗಿಲಿಗೆ ಶೇ. 75 ಎಂಬ ಬೀಗ ಹಾಕಿದರೆ ಯಾರು ಹೊರಗುಳಿಯುತ್ತಾರೆ? ಬೆಳಿಗ್ಗೆ ಹಾಲಿನ ಪ್ಯಾಕೆಟ್ ಹಂಚಿ ತರಗತಿಗೆ ಬರುವ ಹುಡುಗ, ಅಮ್ಮನ ಜೊತೆ ಬೀಡಿ ಕಟ್ಟಿ ಫೀಸು ಹೊಂದಿಸುವ ಹುಡುಗಿ, ಉರ್ದು ಶಾಲೆಯಿಂದಲೋ ಹಳ್ಳಿಯ ಕನ್ನಡ ಶಾಲೆಯಿಂದಲೋ ಬಂದು ಇಂಗ್ಲಿಷಿನ ಮುಂದೆ ಮಾತು ನುಂಗುವವರು. ಅದೇ ಹುಡುಗಿಗೆ ಬೀಡಿ ಕಂಟ್ರಾಕ್ಟರು ಎಲೆಯ ತೂಕದಲ್ಲಿ ಎಷ್ಟು ಹೊಡೆಯುತ್ತಾನೆ ಎಂಬುದು ಗೊತ್ತಿರುತ್ತದೆ. ಶೇ. 90 ತೆಗೆದವರಿಗೆ ಅದನ್ನು ತಿಳಿಯಲು ಒಂದು ಸೆಮಿಸ್ಟರ್ ಬೇಕು. ಇದು ಅನುಕಂಪದ ಮಾತಲ್ಲ. ಮಾಧ್ಯಮದ ಮಟ್ಟಿಗೆ ಬದುಕಿನ ಅರಿವೂ ಯೋಗ್ಯತೆಯ ಒಂದು ಭಾಗ.

ಆದ್ದರಿಂದ ಆಯ್ಕೆ ಅಂಕಪಟ್ಟಿಯಿಂದ ಮಾತ್ರ ಆಗಬಾರದು. ಎರಡನೆಯ ವರ್ಷದ ಕೊನೆಯಲ್ಲಿ ಪ್ರತಿಯೊಬ್ಬರೂ ಮಾಡಿದ ಒಂದು ವರದಿ, ಅದರ ಮೂಲಗಳ ಟಿಪ್ಪಣಿ, ಅದರಲ್ಲಿ ತಿದ್ದಿಕೊಂಡ ತಪ್ಪುಗಳು ಇವನ್ನು ನೋಡಿ ಆಯ್ಕೆ ಮಾಡಲಿ. ಕೆಲಸ ಬಿಟ್ಟು ಒಂದು ವರ್ಷ ಓದಲಾಗದವರಿಗೆ ವಿದ್ಯಾರ್ಥಿವೇತನ ಇರಲಿ. ಪ್ರಬಂಧ ಕನ್ನಡದಲ್ಲಿರಬಹುದು, ಉರ್ದುವಿನಲ್ಲಿರಬಹುದು. ಬ್ಯಾರಿ, ತುಳು, ಲಂಬಾಣಿ ಬಲ್ಲವರ ಆ ಭಾಷೆಯ ಸಂದರ್ಶನಗಳಿಗೆ ಬೆಲೆ ಸಿಗಲಿ. ಇದರಿಂದ ಮಟ್ಟ ಇಳಿಯುತ್ತದೆ ಎನ್ನುವವರಿಗೆ ನಮ್ಮ ಮರುಪ್ರಶ್ನೆ ಒಂದೇ. ಓಣಿಯ ಭಾಷೆ ಬಾರದವನು ಓಣಿಯ ಬಗ್ಗೆ ಬರೆದರೆ ಮಟ್ಟ ಏರುತ್ತದೆಯೇ?

ನಾಲ್ಕನೆಯ ವರ್ಷದ ಕೆಲಸ

ಪತ್ರಿಕೋದ್ಯಮ ಕಲಿಸುವ ಗೆಳೆಯರೊಬ್ಬರು ನಮ್ಮಲ್ಲಿ ಕೇಳಿದರು: “ಇಷ್ಟೆಲ್ಲ ಹೇಳ್ತೀರಿ ಸಾಹೇಬ್ರೆ, ಟೈಮ್‌ಟೇಬಲಿನಲ್ಲಿ ಏನು ಬರೆಯಲಿ?” ನ್ಯಾಯವಾದ ಪ್ರಶ್ನೆ.

ವರ್ಷದ ಆರಂಭದಲ್ಲಿ ವಿದ್ಯಾರ್ಥಿ ಒಂದು ಜಾಗವನ್ನು ಆರಿಸಿಕೊಳ್ಳಲಿ. ಅದು ಒಂದು ತಾಲೂಕು ಕೋರ್ಟು ಇರಬಹುದು, ಎಪಿಎಂಸಿ ಯಾರ್ಡು, ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗ, ಒಂದು ಕೊಳೆಗೇರಿ ಇರಬಹುದು. ವಾರಕ್ಕೆ ಎರಡು ದಿನ ಅಲ್ಲಿಗೆ ಹೋಗಬೇಕು. ಮೊದಲ ಎರಡು ತಿಂಗಳು ಏನನ್ನೂ ಪ್ರಕಟಿಸುವಂತಿಲ್ಲ, ಕೇಳಬೇಕು ಅಷ್ಟೆ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಒಂದು ಅರ್ಜಿಯಾದರೂ ಹಾಕಬೇಕು. ಮೂವತ್ತು ದಿನ ಕಾಯುವುದು, ಬಾರದಿದ್ದರೆ ಮೇಲ್ಮನವಿ ಹಾಕುವುದು ಒಂದು ಶಿಕ್ಷಣ. ಪ್ರತಿಯೊಂದು ವಾಕ್ಯಕ್ಕೂ ಸನದು ಇರಬೇಕು: ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು, ಹೇಳುವುದರಲ್ಲಿ ಅವರಿಗೇನು ಲಾಭ. 2022ರ ಕೊನೆಯಿಂದೀಚೆಗೆ ಕೃತಕ ಬುದ್ಧಿಮತ್ತೆಯ ಯಂತ್ರಗಳು ಕ್ಷಣದಲ್ಲಿ ಚೆಂದದ ವರದಿ ಬರೆದುಕೊಡುತ್ತಿವೆ. ಆದರೆ ಯಂತ್ರ ಆ ಓಣಿಗೆ ಹೋಗಿ ಬಾಗಿಲು ತಟ್ಟುವುದಿಲ್ಲ. ಬಾಗಿಲು ತಟ್ಟುವ ಕೆಲಸವೇ ಆನರ್ಸಿನ ಬಹುಭಾಗವಾದರೆ ಆ ಹೆದರಿಕೆಯೂ ಅಷ್ಟರಮಟ್ಟಿಗೆ ಕಡಿಮೆಯಾದೀತು.

ವರ್ಷದ ಕೊನೆಯಲ್ಲಿ ಸ್ವಾರ್ಥ್‌ಮೋರಿನ ಉಪಾಯ ಬರಲಿ, ಸ್ವಲ್ಪ ಬದಲಾಗಿ. ಹೊರಗಿನ ಪರೀಕ್ಷಕರಲ್ಲಿ ಒಬ್ಬರು ಅಧ್ಯಾಪಕರು, ಒಬ್ಬರು ಅನುಭವಿ ಪತ್ರಕರ್ತರು, ಇಬ್ಬರು ಆ ಜಾಗದವರೇ. ಕೋರ್ಟಿನ ಬಗ್ಗೆ ಬರೆದಿದ್ದರೆ ಒಬ್ಬ ಕಕ್ಷಿದಾರ, ಆಸ್ಪತ್ರೆಯಾದರೆ ಒಬ್ಬ ನರ್ಸು. ಓದು ಬಾರದವರಿಗೆ ಬರೆದದ್ದನ್ನು ಓದಿ ಹೇಳಬೇಕು. ಅಂಕ ಕೊಡುವುದು ಅವರ ಕೆಲಸವಲ್ಲ, “ಇದು ಹೀಗಲ್ಲ” ಎನ್ನುವ ಹಕ್ಕು ಅವರಿಗಿರಬೇಕು. ಆ ಮಾತಿಗೆ ವಿದ್ಯಾರ್ಥಿ ಉತ್ತರ ಕೊಡಬೇಕು ಅಥವಾ ತಿದ್ದಬೇಕು. ಇಲ್ಲಿ ಒಂದು ಎಚ್ಚರಿಕೆ ಬೇಕು. ಬಡ ಕಕ್ಷಿದಾರನಿಗೆ ಸಿಕ್ಕ ಈ ಹಕ್ಕನ್ನು ಬಲಿಷ್ಠ ಕಂಟ್ರಾಕ್ಟರನೂ ಕೇಳುತ್ತಾನೆ. ಅವನ ಮಾತನ್ನೂ ದಾಖಲಿಸಬೇಕು, ಆದರೆ ಅವನ ಒಪ್ಪಿಗೆಗೆ ಕಾಯಬೇಕಿಲ್ಲ. ಉತ್ತರ ಹೇಳುವ ಹಕ್ಕಿಗೂ ಅಚ್ಚಾಗದಂತೆ ತಡೆಯುವ ಬಲಕ್ಕೂ ಇರುವ ವ್ಯತ್ಯಾಸವನ್ನು ಕಲಿಯುವುದು ಈ ವರ್ಷದ ಅತಿ ಕಠಿಣ ಪಾಠವಾದೀತು.

ಕಲಿಸಿ ಕಳಿಸುವುದೆಲ್ಲಿಗೆ?

ಕೊನೆಗೆ ನಮ್ಮನ್ನು ನಿಜಕ್ಕೂ ಕಾಡುವ ಪ್ರಶ್ನೆ. ಇಷ್ಟು ಸೂಕ್ಷ್ಮವಾದ ಮನಸ್ಸನ್ನು ಬೆಳೆಸಿ ನಾವು ಅದನ್ನು ಕಳಿಸುವುದೆಲ್ಲಿಗೆ? ರಾತ್ರಿ ಎಂಟರ ಕೂಗಾಟಕ್ಕೆ, ಟಿಆರ್‌ಪಿಯ ಅಂಕಿಗೆ, ಜಾಹೀರಾತು ತರದಿದ್ದರೆ ಸಂಬಳವಿಲ್ಲ ಎನ್ನುವ ಕಡೆಗೆ? ಕಾಸಿಗಾಗಿ ಸುದ್ದಿ ಎಂಬ ರೋಗದ ಬಗ್ಗೆ 2010ರಲ್ಲಿ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ ಹೆಸರುಗಳ ಸಮೇತ ವರದಿ ಕೊಟ್ಟಾಗ ಆ ಪೂರ್ಣ ವರದಿಯನ್ನು ಹೊರಗೆ ಬಿಡಲು ಮಂಡಳಿಯೇ ಹಿಂಜರಿಯಿತು. ಇಂಥ ಲೋಕಕ್ಕೆ ಪ್ರಾಮಾಣಿಕರನ್ನು ಕಳಿಸುವುದು ಅವರಿಗೆ ಮಾಡುವ ಅನ್ಯಾಯವಲ್ಲವೇ? ಮನೆಯಲ್ಲಿ ತಂಗಿಯ ಮದುವೆ, ಅಪ್ಪನ ಔಷಧಿ ಇರುವ ಹುಡುಗನಿಗೆ “ರಾಜೀನಾಮೆ ಕೊಟ್ಟು ಬಾ” ಎಂದು ಹೇಳುವ ಹಕ್ಕು ಸಂಬಳ ಗ್ಯಾರಂಟಿಯಿರುವ ಮೇಷ್ಟ್ರಿಗೆ ಇದೆಯೇ?

‘ದೆಹಲಿ ಉರ್ದು ಅಖ್ಬಾರ್’ನ ಸಂಪಾದಕ ಮೌಲ್ವಿ ಮುಹಮ್ಮದ್ ಬಾಕರ್ ಅವರನ್ನು 1857ರಲ್ಲಿ ಬ್ರಿಟಿಷರು ಕೊಂದರು. ಆ ಹೆಸರನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಆದರೆ ಹುತಾತ್ಮರಾಗುವುದನ್ನು ಪಠ್ಯಕ್ರಮದಲ್ಲಿ ಇಡಲಾಗದು. ಪ್ರಾಣ ಕೊಡು ಎಂದು ಇನ್ನೊಬ್ಬರಿಗೆ ಹೇಳುವುದು ನೀತಿಯಲ್ಲ. ಇಡಬಹುದಾದದ್ದು ಸಣ್ಣ ಸಂಗತಿಗಳು. ಪತ್ರಿಕೆಗೆ, ಚಾನೆಲಿಗೆ ಹಣ ಎಲ್ಲಿಂದ ಬರುತ್ತದೆ, ಮಾಲೀಕರ ಇತರ ವ್ಯಾಪಾರಗಳೇನು ಎಂಬುದನ್ನು ಮುಚ್ಚಿಡದೆ ಹೇಳಿಕೊಡಬಹುದು. ಒಂದು ಶೀರ್ಷಿಕೆಯಲ್ಲಿ ಒಂದು ಪದ ಬದಲಿಸಲು ಹೇಗೆ ವಾದಿಸಬೇಕು, ಯಾವ ಹಂತದಲ್ಲಿ ‘ನನ್ನ ಹೆಸರು ಬೇಡ’ ಎನ್ನಬೇಕು ಎಂದು ಅಭ್ಯಾಸ ಮಾಡಿಸಬಹುದು. ಓದು ಮುಗಿಸಿ ಹೋದವರ ಒಂದು ಬಳಗ ಕಟ್ಟಿ, ಕೆಲಸ ಕಳೆದುಕೊಂಡವರಿಗೆ ಇನ್ನೊಂದು ಕಡೆ ಹುಡುಕಿಕೊಡುವ ಹೊಣೆಯನ್ನು ವಿಭಾಗವೇ ಹೊರಬಹುದು. ಒಬ್ಬಂಟಿಯಾದವನ ಪ್ರಾಮಾಣಿಕತೆ ಬಹಳ ದಿನ ಬಾಳುವುದಿಲ್ಲ, ಹತ್ತು ಮಂದಿಯ ನಡುವಿನದು ಸ್ವಲ್ಪ ಹೆಚ್ಚು ದಿನ ಬಾಳೀತು.

ಈ ಅಪಾಯವಿದೆ ಎಂದು ಕಲಿಸದೆ ಕಳಿಸುವುದು ಇನ್ನೂ ದೊಡ್ಡ ಅನ್ಯಾಯವೆಂದು ನಮಗೆ ತೋರುತ್ತದೆ. ಆಗ ಅನ್ಯಾಯವಾಗುವುದು ವಿದ್ಯಾರ್ಥಿಗೆ ಮಾತ್ರವಲ್ಲ, ಅವನ ಕ್ಯಾಮೆರಾದ ಮುಂದೆ ನಿಲ್ಲುವ, ಅವನನ್ನು ಎಂದೂ ಆರಿಸಿಕೊಳ್ಳದ ನೂರಾರು ಜನರಿಗೆ. ಮುರ್ಕಿಯ ರಸ್ತೆಯಲ್ಲಿ ಸತ್ತವರು ಯಾವ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕಿ ಪ್ರಶ್ನೆ ಕೇಳಲಾರರು.

ರಾಜ್ಯ ಮೂರು ವರ್ಷಕ್ಕೆ ಮರಳಿರುವಾಗ ಇದನ್ನೆಲ್ಲ ಹೇಳುವುದು ವ್ಯರ್ಥ ಎನ್ನಬಹುದು. ನಾವು ಹಾಗೆ ಭಾವಿಸುವುದಿಲ್ಲ. ಸರಕಾರದ ಆದೇಶ ಬರಲಿ ಬಿಡಲಿ, ಒಂದು ಕಾಲೇಜಿನ ಒಂದು ವಿಭಾಗ ಐದು ವಿದ್ಯಾರ್ಥಿಗಳನ್ನೂ ಒಬ್ಬ ಅಧ್ಯಾಪಕರನ್ನೂ ಇಟ್ಟುಕೊಂಡು, ಮೂರನೆಯ ವರ್ಷದ ಪ್ರಾಜೆಕ್ಟಿನ ಹೆಸರಿನಲ್ಲೇ ಇದನ್ನು ಆರಂಭಿಸಬಹುದು. ಅದಕ್ಕೆ ಸ್ಟುಡಿಯೊ ಬೇಡ. ಒಂದು ನೋಟುಬುಕ್ಕು, ಬಸ್‌ಪಾಸು, ಹೇಳಿದ ದಿನಕ್ಕೆ ಮತ್ತೆ ಹೋಗುವ ಅಭ್ಯಾಸ ಇದ್ದರೆ ಸಾಕು. ಅಂಥ ವಿಭಾಗ ಎಲ್ಲಾದರೂ ಆರಂಭವಾದರೆ, ಉರ್ದು ಶಾಲೆಯಿಂದ ಬಂದ ಒಂದಿಬ್ಬರು ಮಕ್ಕಳಿಗೂ ಅಲ್ಲಿ ಜಾಗವಿರಲಿ ಎಂಬುದು ನಮ್ಮ ಕೋರಿಕೆ.